ಪಟ್ಟಿಯಲ್ಲಿದ್ದವರಿಗೆ ಮಾತ್ರ ದಾರಿ

ಲೈನಿನ ಮೇಲೆ ಮರದ ಕೊಂಬೆ ಮುರಿದು ಬೀಳುತ್ತದೆ. ಸಬ್‌ಸ್ಟೇಷನ್ನಿನಲ್ಲಿ ಆ ಲೈನನ್ನು ಕಾಯುವ ರಿಲೇ, ಕರೆಂಟು ಏಕಾಏಕಿ ಏರಿದ್ದನ್ನು ಗುರುತಿಸಿ ಬ್ರೇಕರ್ ಟ್ರಿಪ್ ಆಗಲಿ ಎಂದು ಆದೇಶ ಹೊರಡಿಸುತ್ತದೆ. ಹಿಂದೆ ಈ ಆದೇಶಕ್ಕೆ ತನ್ನದೇ ಒಂದು ತಾಮ್ರದ ತಂತಿ ಇರುತ್ತಿತ್ತು. ಹೊಸ ಕಾಲದ ಸಬ್‌ಸ್ಟೇಷನ್‌ಗಳಲ್ಲಿ ಅದು ಫೈಬರ್ ಕೇಬಲಿನ ಮೇಲೆ, ಕಂಪ್ಯೂಟರ್ ಜಾಲದ ಮೂಲಕ, ಸಣ್ಣದೊಂದು ಡಿಜಿಟಲ್ ಸಂದೇಶವಾಗಿ ಹೋಗುತ್ತದೆ. ತಲುಪಲು ಅದಕ್ಕಿರುವ ಅವಧಿ 3ರಿಂದ 4 ಮಿಲಿಸೆಕೆಂಡ್. ನಮ್ಮ 50 ಹರ್ಟ್ಜ್ ವಿದ್ಯುತ್ತು ಒಂದು ಆವರ್ತ ಮುಗಿಸಲು 20 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಅದರ ಐದನೇ ಒಂದು ಭಾಗದೊಳಗೆ ಆದೇಶ ಬ್ರೇಕರಿನ ಬಳಿ ಇರಬೇಕು. ತಡವಾದರೆ ಟ್ರಾನ್ಸ್‌ಫಾರ್ಮರ್ ಸುಡಬಹುದು. ಯಾರೋ ಸುಳ್ಳು ಆದೇಶ ಕಳಿಸಿದರೆ ಏನೂ ಆಗದ ಲೈನು ಬಂದ್ ಆಗಿ ಊರಿಗೆ ಊರೇ ಕತ್ತಲಾಗಬಹುದು.

ಈ ಪುಟ್ಟ ಸಂದೇಶವನ್ನು ಕಾಯುವುದು ಹೇಗೆ? ಬಹಳ ವರ್ಷ ಇದಕ್ಕಿದ್ದ ಉತ್ತರ ಒಂದೇ: ಹೊರಗಿನವರು ಒಳಗೆ ಬರದಂತೆ ಬಾಗಿಲಲ್ಲಿ ಫೈರ್‌ವಾಲ್ ಇಡುವುದು. ಒಳಗೆ ಬಂದವರನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಇದಕ್ಕಿಂತ ಒಳ್ಳೆಯ ಉತ್ತರ ಸಿಕ್ಕಿದ್ದು ವಿದ್ಯುತ್ತಿಗೆ ಸಂಬಂಧವೇ ಇಲ್ಲದ ಒಂದು ವಿಶ್ವವಿದ್ಯಾಲಯದ ಕೋಣೆಯಲ್ಲಿ. ಭದ್ರತೆಗೆಂದೇ ಹುಟ್ಟಿದ ಆ ಯೋಚನೆ ಕೆಲವು ವರ್ಷ ಬೇರೆಯದೇ ಕೆಲಸಕ್ಕೆ ಹೋಗಿ, ಕೊನೆಗೆ ವಿದ್ಯುತ್ ಸಬ್‌ಸ್ಟೇಷನ್ನಿನಲ್ಲಿ ತನ್ನ ಮೂಲ ಉದ್ದೇಶಕ್ಕೆ ಮರಳಿತು.

ಎಲ್ಲರನ್ನೂ ನಂಬುವ ಜಾಲ

ಕತೆಯ ಬೇರು 1973ರಲ್ಲಿದೆ. ಅಮೆರಿಕದ ಜೆರಾಕ್ಸ್ ಕಂಪನಿಯ ಪಾಲೋ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ ಬಾಬ್ ಮೆಟ್‌ಕಾಫ್ ಈಥರ್ನೆಟ್ ಎಂಬ ಜಾಲವನ್ನು ರೂಪಿಸಿದರು. ಒಂದೇ ಕಟ್ಟಡದ ಕಂಪ್ಯೂಟರ್‌ಗಳು ಒಂದೇ ಕೇಬಲನ್ನು ಹಂಚಿಕೊಂಡು ಮಾತಾಡುವ ವ್ಯವಸ್ಥೆ ಅದು. ಪರಸ್ಪರ ಗೊತ್ತಿರುವ ಸಹೋದ್ಯೋಗಿಗಳ ನಡುವಿನ ಜಾಲವಾದ್ದರಿಂದ ಅಪನಂಬಿಕೆಗೆ ಅಲ್ಲಿ ಜಾಗವಿರಲಿಲ್ಲ.

ಮುಂದೆ ಬಂದ, ಯಂತ್ರಗಳ ನಡುವೆ ಕೂತು ಸಂದೇಶ ಸಾಗಿಸುವ ಈಥರ್ನೆಟ್ ಸ್ವಿಚ್‌ಗಳೂ ಅದೇ ಗುಣವನ್ನು ಉಳಿಸಿಕೊಂಡವು. ತನ್ನ ಯಾವ ಬಾಯಿಗೆ (ಪೋರ್ಟಿಗೆ) ಯಾವ ಯಂತ್ರ ಸೇರಿಕೊಂಡಿದೆ ಎಂಬುದನ್ನು ಸ್ವಿಚ್ ತಾನೇ ನೋಡಿ ಕಲಿಯುತ್ತದೆ. ವಿಳಾಸ ಗೊತ್ತಿಲ್ಲದ ಸಂದೇಶ ಬಂದರೆ ಎಲ್ಲ ಕಡೆಗೂ ಕಳಿಸಿಬಿಡುತ್ತದೆ. ಮದುವೆ ಮನೆಯ ಪಂಕ್ತಿಯಲ್ಲಿ ಕೂತವರಿಗೆಲ್ಲ ಎಲೆ ಹಾಕುವ ಹಾಗೆ, ಯಾರ ಕಡೆಯವರೆಂದು ಅದು ವಿಚಾರಿಸುವುದಿಲ್ಲ. 1985ರಲ್ಲಿ ಡಿಜಿಟಲ್ ಈಕ್ವಿಪ್‌ಮೆಂಟ್ ಕಂಪನಿಯ ರೇಡಿಯಾ ಪರ್ಲ್‌ಮನ್ ರೂಪಿಸಿದ ಸ್ಪ್ಯಾನಿಂಗ್ ಟ್ರೀ ಎಂಬ ವಿಧಾನದಿಂದ ಸ್ವಿಚ್‌ಗಳು ತಮ್ಮ ತಮ್ಮಲ್ಲೇ ಮಾತಾಡಿಕೊಂಡು ದಾರಿ ಹುಡುಕುವುದನ್ನೂ ಕಲಿತವು. ಒಂದು ಕೇಬಲ್ ತುಂಡಾದರೆ ಬೇರೆ ದಾರಿಯನ್ನು ತಾವೇ ಗೊತ್ತುಮಾಡಿಕೊಳ್ಳುತ್ತವೆ. ಅದ್ಭುತವಾದ ಉಪಾಯವದು; ಇಡೀ ಜಗತ್ತಿನ ಕಚೇರಿ ಜಾಲಗಳು ಅದರ ಮೇಲೆ ನಿಂತವು. ಆದರೆ ಈ ಮಾತುಕತೆಯಲ್ಲೂ ಗುರುತಿನ ತಪಾಸಣೆ ಇರಲಿಲ್ಲ. ಜಾಲಕ್ಕೆ ಹೊಸದಾಗಿ ಸೇರಿಸಿದ ಒಂದು ಯಂತ್ರ 'ನಾನೇ ಎಲ್ಲಕ್ಕೂ ಮೂಲ' ಎಂದು ಸಾರಿದರೆ ಉಳಿದವು ಒಪ್ಪಿಕೊಂಡುಬಿಡುತ್ತಿದ್ದವು.

ಸ್ಟ್ಯಾನ್‌ಫರ್ಡಿನ ಪ್ರಶ್ನೆ

ಲಾರೆನ್ಸ್ ಲಿವರ್‌ಮೋರ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ದುಡಿದಿದ್ದ ಮಾರ್ಟಿನ್ ಕಸಾಡೊ ಎಂಬ ಯುವಕ ಈ ಶತಮಾನದ ಆರಂಭದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಪಿಎಚ್.ಡಿ. ಮಾಡಲು ಬಂದ. ಗುಪ್ತಚರ ವಲಯದ ಜಾಲಗಳ ಭದ್ರತೆಯ ಕೆಲಸ ಮಾಡುವಾಗ ಅವನಿಗೊಂದು ಕೊರತೆ ಎದ್ದು ಕಂಡಿತ್ತು. ಕಂಪ್ಯೂಟರಿಗೆ ಬೇಕಾದ ಪ್ರೋಗ್ರಾಮ್ ಬರೆಯಬಹುದು. ಜಾಲಕ್ಕೆ ಹಾಗೆ ಬರೆಯಲು ಬರುವುದಿಲ್ಲ. ನೂರಾರು ಸ್ವಿಚ್‌ಗಳಲ್ಲಿ ಪ್ರತಿಯೊಂದೂ ತನ್ನ ತೀರ್ಮಾನವನ್ನು ತಾನೇ ಮಾಡುತ್ತದೆ. 'ಈ ಯಂತ್ರ ಆ ಯಂತ್ರದ ಜೊತೆ ಮಾತ್ರ ಮಾತಾಡಲಿ' ಎಂಬ ಸರಳ ನಿಯಮವನ್ನು ಒಂದೇ ಕಡೆ ಬರೆದು ಇಡೀ ಜಾಲ ಪಾಲಿಸುವಂತೆ ಮಾಡುವ ದಾರಿಯೇ ಇರಲಿಲ್ಲ.

2006ರಲ್ಲಿ ಕಸಾಡೊ, ಪ್ರಾಧ್ಯಾಪಕರಾದ ನಿಕ್ ಮೆಕ್‌ಕ್ಯೋನ್, ಡ್ಯಾನ್ ಬೋನೆ, ಬರ್ಕ್‌ಲಿಯ ಸ್ಕಾಟ್ ಶೆಂಕರ್ ಮತ್ತಿತರರು ಸೇರಿ 'ಸೇನ್' ಎಂಬ ಜಾಲವಿನ್ಯಾಸವನ್ನು ಪ್ರಕಟಿಸಿದರು. ಅದರ ನಿಯಮ ಕಟುವಾಗಿತ್ತು: ಕೇಂದ್ರದ ಒಂದು ನಿಯಂತ್ರಕ ಅನುಮತಿ ಕೊಡದೆ ಜಾಲದಲ್ಲಿ ಯಾರೂ ಯಾರೊಂದಿಗೂ ಮಾತಾಡುವ ಹಾಗಿಲ್ಲ. ಅಲ್ಲಿಯವರೆಗೆ ಜಾಲಗಳು ಎಲ್ಲವನ್ನೂ ಬಿಟ್ಟು, ಕೆಟ್ಟದ್ದೆಂದು ಗೊತ್ತಾದದ್ದನ್ನು ತಡೆಯುತ್ತಿದ್ದವು. ಸೇನ್ ಎಲ್ಲವನ್ನೂ ತಡೆದು, ಬೇಕೆಂದು ಗೊತ್ತಿರುವುದನ್ನು ಮಾತ್ರ ಬಿಡುತ್ತಿತ್ತು. ತೊಂದರೆ ಎಂದರೆ ಇದಕ್ಕಾಗಿ ಸ್ವಿಚ್‌ಗಳ ಜೊತೆಗೆ ಪ್ರತಿಯೊಬ್ಬರ ಕಂಪ್ಯೂಟರನ್ನೂ ಬದಲಿಸಬೇಕಿತ್ತು. ಅದು ಆಗುವ ಮಾತಾಗಿರಲಿಲ್ಲ.

ಮರುವರ್ಷ, 2007ರಲ್ಲಿ, ಅದೇ ತಂಡ 'ಈಥೇನ್' ಎಂಬ ಪರಿಷ್ಕೃತ ರೂಪ ತಂದಿತು. ಇದರಲ್ಲಿ ಜನರ ಕಂಪ್ಯೂಟರ್‌ಗಳು ಇದ್ದ ಹಾಗೇ ಇದ್ದವು, ಸ್ವಿಚ್‌ಗಳಷ್ಟೇ ಬದಲಾದವು. ತಾನೇ ಯೋಚಿಸುವ ಕೆಲಸವನ್ನು ಸ್ವಿಚ್ಚಿನಿಂದ ಕಿತ್ತುಕೊಂಡು ಅದಕ್ಕೊಂದು ಕೋಷ್ಟಕ ಕೊಟ್ಟರು. ಸಂದೇಶದ ಗುರುತುಗಳು ಕೋಷ್ಟಕದ ಸಾಲಿಗೆ ಹೊಂದಿದರೆ ಹೇಳಿದ ದಿಕ್ಕಿಗೆ ಕಳಿಸುವುದು, ಹೊಂದದಿದ್ದರೆ ನಿಯಂತ್ರಕವನ್ನು ಕೇಳುವುದು. ಸ್ಟ್ಯಾನ್‌ಫರ್ಡಿನಲ್ಲಿ 300ಕ್ಕೂ ಹೆಚ್ಚು ಯಂತ್ರಗಳು ತಿಂಗಳುಗಟ್ಟಲೆ ಈ ಜಾಲದ ಮೇಲೆ ನಡೆದವು.

2008ರಲ್ಲಿ ಇದೇ ಕೋಷ್ಟಕದ ಭಾಷೆ 'ಓಪನ್‌ಫ್ಲೋ' ಎಂಬ ಹೆಸರಲ್ಲಿ ಹೊರಬಂತು. ಯಾವ ಬಾಯಿಂದ ಬಂತು, ಯಾರ ವಿಳಾಸದಿಂದ, ಯಾರಿಗೆ, ಯಾವ ಬಗೆಯ ಸಂದೇಶ ಎಂಬಂಥ 12 ಗುರುತುಗಳನ್ನು ಅದರ 1.0 ಆವೃತ್ತಿ ಸ್ವಿಚ್ಚಿನಲ್ಲೇ ತಾಳೆ ನೋಡಬಲ್ಲುದಾಗಿತ್ತು. 2009ರಲ್ಲಿ ಈ ಇಡೀ ಪದ್ಧತಿಗೆ ಸಾಫ್ಟ್‌ವೇರ್ ಡಿಫೈನ್ಡ್ ನೆಟ್‌ವರ್ಕಿಂಗ್, ಚಿಕ್ಕದಾಗಿ ಎಸ್‌ಡಿಎನ್, ಎಂಬ ಹೆಸರು ಅಂಟಿಕೊಂಡಿತು.

ಆಮೇಲೆ ದುಡ್ಡು ಬಂತು, ದಾರಿ ಬದಲಾಯಿತು. ದೊಡ್ಡ ಡೇಟಾ ಸೆಂಟರ್‌ಗಳನ್ನು ಕಟ್ಟುತ್ತಿದ್ದ ಕಂಪನಿಗಳಿಗೆ ಎಸ್‌ಡಿಎನ್‌ನಲ್ಲಿ ಕಂಡದ್ದು ಬೇರೆಯೇ ಲಾಭ: ಕ್ಷಣದಲ್ಲಿ ಜಾಲವನ್ನು ಬೇಕಾದ ಹಾಗೆ ಬದಲಿಸಿಕೊಳ್ಳುವ ಅನುಕೂಲ. ಗೂಗಲ್ ತನ್ನ ಡೇಟಾ ಸೆಂಟರ್‌ಗಳ ನಡುವಿನ ಖಂಡಾಂತರ ಜಾಲವನ್ನೇ ಈ ಪದ್ಧತಿಗೆ ತಂದಿತು. ಕಸಾಡೊ, ಮೆಕ್‌ಕ್ಯೋನ್, ಶೆಂಕರ್ ಕಟ್ಟಿದ್ದ ನಿಸಿರಾ ಎಂಬ ಕಂಪನಿಯನ್ನು 2012ರಲ್ಲಿ ವಿಎಂವೇರ್ 126 ಕೋಟಿ ಡಾಲರಿಗೆ ಕೊಂಡಿತು. ಎಲ್ಲರ ಬಾಯಲ್ಲೂ ವೇಗ, ಅಗ್ಗ, ಹೊಂದಿಕೊಳ್ಳುವ ಗುಣದ ಮಾತು. ಅನುಮತಿಯಿಲ್ಲದೆ ಯಾರೂ ಮಾತಾಡಬಾರದು ಎಂಬ ಮೊದಲಿನ ಕಟುನಿಯಮ ಹಿಂದೆ ಸರಿಯಿತು. ದಿನಕ್ಕೊಂದು ಹೊಸ ಯಂತ್ರ ಸೇರುವ ಡೇಟಾ ಸೆಂಟರಿನಲ್ಲಿ, ಯಾರು ಯಾವಾಗ ಯಾರೊಂದಿಗೆ ಮಾತಾಡಬೇಕಾದೀತು ಎಂದು ಮೊದಲೇ ಹೇಳುವುದು ಕಷ್ಟವೇ.

ಮೊದಲೇ ಬರೆದಿಟ್ಟ ಪಟ್ಟಿ

ಅದನ್ನು ಮೊದಲೇ ಹೇಳಬಲ್ಲ ಜಾಗವೊಂದಿತ್ತು. 2002ರಿಂದ ಪ್ರಕಟವಾಗತೊಡಗಿದ ಐಇಸಿ 61850 ಎಂಬ ಅಂತರರಾಷ್ಟ್ರೀಯ ಮಾನದಂಡ ಸಬ್‌ಸ್ಟೇಷನ್ನಿನೊಳಗೆ ಈಥರ್ನೆಟ್ ತಂದಿತು. ರಿಲೇಗಳು ಪರಸ್ಪರ ಕಳಿಸುವ ತುರ್ತು ಸಂದೇಶಕ್ಕೆ ಅದು ಇಟ್ಟ ಹೆಸರು 'ಗೂಸ್'. ವೇಗಕ್ಕಾಗಿ ಗೂಸ್ ಸಂದೇಶದ ಮೈಮೇಲಿನ ಭಾರವನ್ನೆಲ್ಲ ಕಳಚಿದ್ದರು. ಅದಕ್ಕೆ ಇಂಟರ್ನೆಟ್ ವಿಳಾಸವಿಲ್ಲ, ತಲುಪಿದೆ ಎಂಬ ಮರುತ್ತರವಿಲ್ಲ, ಕಳಿಸಿದವನ ಸಹಿಯೂ ಇಲ್ಲ. ಹೊರಟಿತೆಂದರೆ ಒಂದೇ ಸಲಕ್ಕೆ ಹಲವರ ಕಡೆ ಹರಡುತ್ತದೆ. ಪ್ರತಿ ಸಂದೇಶದಲ್ಲೂ ಸ್ಥಿತಿ ಬದಲಾದ ಲೆಕ್ಕವನ್ನು ಹೇಳುವ ಒಂದು ಸಂಖ್ಯೆ ಇರುತ್ತದೆ. ದಾಳಿಕೋರ ಅದಕ್ಕಿಂತ ದೊಡ್ಡ ಸಂಖ್ಯೆಯ ನಕಲಿ ಸಂದೇಶ ಕಳಿಸಿದರೆ, ಕೇಳುವ ರಿಲೇ ಅದನ್ನೇ ಹೊಸದೆಂದು ನಂಬಿ ಅಸಲಿ ಸಂದೇಶಗಳನ್ನು ಹಳೆಯವೆಂದು ಬದಿಗಿಡಬಹುದು ಎಂದು ಸಂಶೋಧಕರು ತೋರಿಸಿಕೊಟ್ಟರು.

ಸಹಿ ಸೇರಿಸುವ ಪ್ರಯತ್ನ ನಡೆಯದೆ ಇರಲಿಲ್ಲ. 2007ರ ಐಇಸಿ 62351 ಮಾನದಂಡ ಗೂಸ್ ಸಂದೇಶಕ್ಕೆ ಡಿಜಿಟಲ್ ಸಹಿ ಸೂಚಿಸಿತು. ಆದರೆ ರಿಲೇಯೊಳಗಿನ ಸಣ್ಣ ಪ್ರೊಸೆಸರ್ ಆ ಸಹಿಯನ್ನು ಲೆಕ್ಕ ಹಾಕಿ ಮುಗಿಸುವಷ್ಟರಲ್ಲಿ 4 ಮಿಲಿಸೆಕೆಂಡಿನ ಗಡುವು ದಾಟಿಹೋಗುತ್ತಿತ್ತು. ಈಗಾಗಲೇ ಗೋಡೆಗೆ ಕೂರಿಸಿದ, ಇನ್ನೂ ಹಲವು ವರ್ಷ ದುಡಿಯಬೇಕಾದ ರಿಲೇಗಳನ್ನು ಬದಲಿಸುವುದು ಯಾರಿಗೂ ಸಾಧ್ಯವಿರಲಿಲ್ಲ. ರಿಲೇಯನ್ನು ಮುಟ್ಟದೆ, ಗಡುವು ಮೀರದೆ ಅದನ್ನು ಕಾಯಬೇಕಿತ್ತು.

ಉತ್ತರದ ಅರ್ಧ ಭಾಗ ಅದೇ 61850ರಲ್ಲಿ ಅಡಗಿತ್ತು. ಆ ಮಾನದಂಡದಂತೆ ಸಬ್‌ಸ್ಟೇಷನ್ ವಿನ್ಯಾಸ ಮಾಡುವ ಎಂಜಿನಿಯರ್ ಕೊನೆಗೆ ಒಂದು ಕಡತ ತಯಾರಿಸುತ್ತಾನೆ. ಯಾವ ರಿಲೇ ಯಾವ ಸಂದೇಶ ಹೊರಡಿಸುತ್ತದೆ, ಅದನ್ನು ಯಾವ್ಯಾವ ಯಂತ್ರ ಕೇಳಿಸಿಕೊಳ್ಳಬೇಕು ಎಂಬುದೆಲ್ಲ ಅದರಲ್ಲಿ ಹೆಸರು ಸಮೇತ ಇರುತ್ತದೆ. ಸೇನ್ ಮತ್ತು ಈಥೇನ್ ಬಯಸಿದ್ದ ಅನುಮತಿಯ ಪಟ್ಟಿ ಇದೇ. ರಿಲೇಗಳು ಅದನ್ನು ಓದುತ್ತಿದ್ದವು. ನಡುವೆ ಕೂತ ಸ್ವಿಚ್‌ಗಳಿಗೆ ಮಾತ್ರ ಅದರ ಸುಳಿವೇ ಇರಲಿಲ್ಲ. 2013ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದ ಎರಿಕ್ ಕೆಲ್ಲರ್ ಮತ್ತು ಸಂಗಡಿಗರು ಓಪನ್‌ಫ್ಲೋ ಬಳಸಿ, ತನ್ನನ್ನು ತಾನೇ ಹೊಂದಿಸಿಕೊಳ್ಳುವ ಸಬ್‌ಸ್ಟೇಷನ್ ಜಾಲದ ಮಾದರಿಯೊಂದನ್ನು ಪ್ರಕಟಿಸಿದರು. ವಿದ್ಯುತ್ತಿನ ಜ್ಞಾನವೂ ಜಾಲದ ಜ್ಞಾನವೂ ಒಂದೇ ಮೇಜಿಗೆ ಬಂದ ಆರಂಭದ ಪ್ರಯತ್ನಗಳಲ್ಲಿ ಅದೂ ಒಂದು.

ಅದೇ ವರ್ಷ ಅಮೆರಿಕದ ಇಂಧನ ಇಲಾಖೆ ವಿದ್ಯುತ್ ವಲಯದ ಸೈಬರ್ ಭದ್ರತೆಗೆ ಹಣ ಕೊಟ್ಟ ಯೋಜನೆಗಳಲ್ಲಿ ಶ್ವೈಟ್ಜರ್ ಎಂಜಿನಿಯರಿಂಗ್ ಲ್ಯಾಬೊರೇಟರೀಸ್ ಎಂಬ ಕಂಪನಿಯ ಎಸ್‌ಡಿಎನ್ ಯೋಜನೆಯೂ ಇತ್ತು. 1982ರಲ್ಲಿ ವಾಷಿಂಗ್ಟನ್ ರಾಜ್ಯದ ಪುಲ್‌ಮನ್ ಎಂಬ ಸಣ್ಣ ಊರಿನಲ್ಲಿ ಎಡ್ಮಂಡ್ ಶ್ವೈಟ್ಜರ್ ಶುರುಮಾಡಿದ ಕಂಪನಿ ಇದು. 1984ರಲ್ಲಿ ಮೈಕ್ರೊಪ್ರೊಸೆಸರ್ ಆಧಾರಿತ ಡಿಜಿಟಲ್ ರಿಲೇಯನ್ನು ಮಾರುಕಟ್ಟೆಗೆ ತಂದು ರಕ್ಷಣಾ ಎಂಜಿನಿಯರಿಂಗನ್ನೇ ಬದಲಿಸಿತ್ತು. ಪೆಸಿಫಿಕ್ ನಾರ್ತ್‌ವೆಸ್ಟ್ ರಾಷ್ಟ್ರೀಯ ಪ್ರಯೋಗಾಲಯವೂ ವಿದ್ಯುತ್ ಕಂಪನಿಗಳೂ ಅದರೊಂದಿಗೆ ಕೈಜೋಡಿಸಿದವು. 2016ರ ಹೊತ್ತಿಗೆ ಸಬ್‌ಸ್ಟೇಷನ್ನಿನ ಬಿಸಿಲು, ಚಳಿ, ವಿದ್ಯುತ್ ಆಘಾತ ತಡೆಯಬಲ್ಲ ಎಸ್‌ಡಿಎನ್ ಸ್ವಿಚ್ ಅಲ್ಲಿಂದ ಹೊರಬಂತು.

ಈ ಎಂಜಿನಿಯರ್‌ಗಳು ಎಸ್‌ಡಿಎನ್ ತತ್ವವನ್ನು ತಲೆಕೆಳಗು ಮಾಡಿಯೇ ಬಳಸಿದರು. ಡೇಟಾ ಸೆಂಟರಿನವರಿಗೆ ಅದರ ಸೊಗಸು ಕಂಡದ್ದು ಕ್ಷಣಕ್ಷಣಕ್ಕೂ ಬದಲಾಗುವುದರಲ್ಲಿ. ಸಬ್‌ಸ್ಟೇಷನ್ನಿಗೆ ಬೇಕಾದದ್ದು ಬದಲಾಗದಿರುವುದು. ಹಾಗಾಗಿ ಪ್ರತಿ ಸಂದೇಶದ ದಾರಿಯನ್ನೂ, ಅದು ಮುರಿದರೆ ಹಿಡಿಯಬೇಕಾದ ಬದಲಿ ದಾರಿಯನ್ನೂ ಎಂಜಿನಿಯರ್ ಮೊದಲೇ ಬರೆದು ಸ್ವಿಚ್ಚಿಗೆ ತುಂಬುತ್ತಾನೆ. ಪಟ್ಟಿಯಲ್ಲಿ ಇಲ್ಲದ್ದು ಅಲ್ಲೇ ಬಿದ್ದುಹೋಗುತ್ತದೆ. ವೇಗದಲ್ಲೂ ಲಾಭವಾಯಿತು. ಹಳೆಯ ಸ್ಪ್ಯಾನಿಂಗ್ ಟ್ರೀಗೆ ಹೊಸ ದಾರಿ ಹುಡುಕಲು ಅರ್ಧ ನಿಮಿಷಕ್ಕೂ ಹೆಚ್ಚು ಹಿಡಿಯುತ್ತಿತ್ತು. ಅದರ ಸುಧಾರಿತ ರೂಪಕ್ಕೂ ಹತ್ತಾರು ಮಿಲಿಸೆಕೆಂಡ್ ಬೇಕಾಗುತ್ತಿತ್ತು. ಹುಡುಕಾಟವೇ ಇಲ್ಲದ ಹೊಸ ಸ್ವಿಚ್ 100 ಮೈಕ್ರೊಸೆಕೆಂಡಿನೊಳಗೆ ಬದಲಿ ದಾರಿಗೆ ಹೊರಳುತ್ತದೆ ಎಂಬುದು ತಯಾರಕರ ಅಳತೆ. ಭದ್ರತೆಗೆ ವೇಗವನ್ನು ಬಲಿಕೊಡಬೇಕು ಎಂಬ ಹಳೆಯ ನಂಬಿಕೆ ಇಲ್ಲಿ ಸುಳ್ಳಾಯಿತು.

ಉಕ್ರೇನಿನ ಎರಡು ಚಳಿಗಾಲ

ಇದೆಲ್ಲ ಎಷ್ಟು ಅಗತ್ಯ ಎಂಬುದನ್ನು ಜಗತ್ತು ಆ ಹೊತ್ತಿಗೇ ಕಣ್ಣಾರೆ ಕಂಡಿತು. 2015ರ ಡಿಸೆಂಬರ್ 23ರಂದು ಉಕ್ರೇನಿನ ಮೂರು ವಿದ್ಯುತ್ ವಿತರಣಾ ಕಂಪನಿಗಳ ಮೇಲೆ ದಾಳಿ ನಡೆಯಿತು. ಕಂಟ್ರೋಲ್ ರೂಮಿನ ಸಿಬ್ಬಂದಿ ನೋಡುತ್ತಿದ್ದಂತೆಯೇ ಪರದೆಯ ಮೇಲಿನ ಮೌಸ್ ಗುರುತು ತಾನಾಗಿ ಚಲಿಸಿ ಒಂದೊಂದೇ ಬ್ರೇಕರನ್ನು ತೆರೆಯತೊಡಗಿತು. ಸುಮಾರು 2,25,000 ಗ್ರಾಹಕರ ಮನೆ ಕತ್ತಲಾಯಿತು. ದಾಳಿಕೋರರು ತಿಂಗಳುಗಳ ಹಿಂದೆಯೇ ಇಮೇಲ್ ಬಲೆ ಬೀಸಿ ಒಳಗೆ ಸೇರಿಕೊಂಡಿದ್ದರು. ಹೊರಡುವ ಮುನ್ನ, ಸಬ್‌ಸ್ಟೇಷನ್‌ಗಳ ಹಳೆಯ ಸೀರಿಯಲ್ ತಂತಿಯನ್ನು ಈಥರ್ನೆಟ್ಟಿಗೆ ಜೋಡಿಸುವ ಪೆಟ್ಟಿಗೆಗಳೊಳಗಿನ ಸಾಫ್ಟ್‌ವೇರನ್ನೂ ಕೆಡಿಸಿದರು. ಸಿಬ್ಬಂದಿ ವಾಹನ ಹತ್ತಿ ಸಬ್‌ಸ್ಟೇಷನ್‌ಗಳಿಗೆ ಓಡಿ, ಕೈಯಾರೆ ಬ್ರೇಕರ್ ಹಾಕಿ ಕೆಲವು ಗಂಟೆಗಳಲ್ಲಿ ಕರೆಂಟು ಮರಳಿಸಿದರು. ಅವರ ಆ ದಿನದ ಶ್ರಮ ಗೌರವಕ್ಕೆ ಅರ್ಹವಾದದ್ದು.

ಮರುವರ್ಷ ಡಿಸೆಂಬರ್ 17ರ ಮಧ್ಯರಾತ್ರಿಗೆ ಸ್ವಲ್ಪ ಮುಂಚೆ ಕೀವ್ ಬಳಿಯ ಪಿವ್‌ನಿಚ್ನಾ ಎಂಬ 330 ಕಿಲೊವೋಲ್ಟ್ ಸಬ್‌ಸ್ಟೇಷನ್ ಬಂದ್ ಆಯಿತು. ರಾಜಧಾನಿಯ ಒಂದು ಭಾಗಕ್ಕೆ ಸುಮಾರು ಒಂದು ಗಂಟೆ ಕರೆಂಟಿರಲಿಲ್ಲ. ಈ ಸಲ ಮೌಸ್ ಆಡಿಸಿದ ಕೈ ಇರಲಿಲ್ಲ. 2017ರ ಜೂನಿನಲ್ಲಿ ಸ್ಲೊವಾಕಿಯಾದ ಇಸೆಟ್ ಎಂಬ ಸೈಬರ್ ಭದ್ರತಾ ಕಂಪನಿಯ ಆಂಟನ್ ಚೆರೆಪನೋವ್ ಮತ್ತು ಅವರ ಸಹೋದ್ಯೋಗಿಗಳು ಇದರ ಹಿಂದಿನ ಕುತಂತ್ರಾಂಶವನ್ನು ಬಿಡಿಸಿಟ್ಟು ಅದನ್ನು 'ಇಂಡಸ್ಟ್ರಾಯರ್' ಎಂದು ಕರೆದರು. ವಿದ್ಯುತ್ ಯಂತ್ರಗಳ ನಾಲ್ಕು ಸಂವಹನ ಭಾಷೆಗಳನ್ನು ಅದು ಬಲ್ಲುದಾಗಿತ್ತು. 61850ರ ಭಾಗ ಜಾಲದ ಸಾಧ್ಯವಿರುವ ವಿಳಾಸಗಳನ್ನೆಲ್ಲ ಒಂದೊಂದಾಗಿ ತಟ್ಟಿ, ಯಾರು ಉತ್ತರಿಸುತ್ತಾರೆಂದು ನೋಡುತ್ತಿತ್ತು. ಇನ್ನೊಂದು ಭಾಗ ಒಂದು ಬಗೆಯ ರಕ್ಷಣಾ ರಿಲೇಗೆ ಬರೀ 18 ಬೈಟಿನ ಸಂದೇಶ ಕಳಿಸಿ ಅದನ್ನು ಮೂರ್ಛೆಗೊಳಿಸಲು ಯತ್ನಿಸುತ್ತಿತ್ತು. ರಿಲೇ ಮಲಗಿರುವಾಗ ಸಿಬ್ಬಂದಿ ಅವಸರದಲ್ಲಿ ಲೈನು ಹಾಕಿದರೆ ಯಂತ್ರಗಳಿಗೇ ಹಾನಿಯಾಗಲಿ ಎಂಬುದು ಉದ್ದೇಶವಾಗಿದ್ದಿರಬೇಕೆಂದು ಡ್ರ್ಯಾಗೋಸ್ ಎಂಬ ಸೈಬರ್ ಭದ್ರತಾ ಕಂಪನಿಯ ಜೋ ಸ್ಲೊವಿಕ್ 2019ರಲ್ಲಿ ವಿಶ್ಲೇಷಿಸಿದರು. ವಿಳಾಸದ ಅಂಕೆಗಳನ್ನು ತಿರುಗುಮುರುಗು ಬರೆದ ತಪ್ಪಿನಿಂದ ಆ ಸಂದೇಶ ಗುರಿ ಮುಟ್ಟಲಿಲ್ಲ.

ಉಕ್ರೇನನ್ನು ಆ ರಾತ್ರಿ ಇನ್ನೂ ದೊಡ್ಡ ಹಾನಿಯಿಂದ ಕಾಪಾಡಿದ್ದು ಶತ್ರುವಿನ ತಪ್ಪು. ಅದರ ಮೇಲೆ ಯಾರೂ ಭರವಸೆ ಇಡಲಾಗದು. ಪಟ್ಟಿಯಂತೆ ನಡೆಯುವ ಜಾಲದಲ್ಲಿ, ಅನುಮತಿಯಿಲ್ಲದ ಯಂತ್ರದಿಂದ ಹೊರಟ ಆ 18 ಬೈಟು ಮೊದಲ ಸ್ವಿಚ್ಚಿನಲ್ಲೇ ನಿಂತುಹೋಗುತ್ತದೆ. ವಿಳಾಸಗಳನ್ನು ತಟ್ಟುತ್ತ ಹೋಗುವ ಹುಡುಕಾಟಕ್ಕೆ ಯಾರಿಂದಲೂ ಉತ್ತರ ಸಿಗುವುದಿಲ್ಲ. ಜೊತೆಗೆ, ಪಟ್ಟಿಯಲ್ಲಿಲ್ಲದ ಒಂದೊಂದು ಸಂದೇಶವೂ ಎಚ್ಚರಿಕೆಯ ಗಂಟೆಯಾಗುತ್ತದೆ. ಸಾಮಾನ್ಯ ಕಚೇರಿ ಜಾಲದಲ್ಲಿ ಸಾವಿರಾರು ಅಪರಿಚಿತ ಸಂದೇಶಗಳ ನಡುವೆ ಕಳ್ಳನನ್ನು ಹುಡುಕಬೇಕು; ಇಲ್ಲಿ ಅಪರಿಚಿತ ಸಂದೇಶ ಕಂಡಿತೆಂದರೆ ಏನೋ ಕೆಟ್ಟಿದೆ ಎಂದೇ ಅರ್ಥ.

ನಿಯಂತ್ರಕವನ್ನು ಕಾಯುವವರು ಯಾರು

ಎಲ್ಲ ಅಧಿಕಾರವನ್ನೂ ಒಂದು ನಿಯಂತ್ರಕಕ್ಕೆ ಕೊಟ್ಟ ಮೇಲೆ ಅದೇ ಶತ್ರುವಿನ ಕೈಗೆ ಸಿಕ್ಕರೆ? ಈ ಪ್ರಶ್ನೆಯನ್ನು 2013ರಲ್ಲಿ ಲಿಸ್ಬನ್ನಿನ ಡಿಯೆಗೊ ಕ್ರೂಟ್ಜ್, ಫರ್ನಾಂಡೊ ರಾಮೋಸ್, ಪಾಲೊ ವೆರಿಸ್ಸಿಮೊ ನೇರವಾಗಿ ಎತ್ತಿದರು. ಎಸ್‌ಡಿಎನ್‌ಗೆ ಅಪಾಯ ಬರಬಹುದಾದ ಏಳು ದಿಕ್ಕುಗಳನ್ನು ಅವರು ಪಟ್ಟಿ ಮಾಡಿದರು. ಅವುಗಳಲ್ಲಿ ಕೆಲವು ಹಳೆಯ ಜಾಲಗಳಿಗೆ ಇರದಿದ್ದವು. 2015ರಲ್ಲಿ ಟೆಕ್ಸಸ್ ಎ ಆ್ಯಂಡ್ ಎಂ ವಿಶ್ವವಿದ್ಯಾಲಯದ ಗುವೊಫೇ ಗು ಅವರ ತಂಡ ಇನ್ನೂ ಗಾಬರಿಯ ಸಂಗತಿ ತೋರಿಸಿತು. ಜಾಲ ಹೇಗಿದೆ ಎಂಬ ನಕ್ಷೆಯನ್ನು ನಿಯಂತ್ರಕ ಸ್ವಿಚ್‌ಗಳ ಮಾತು ಕೇಳಿ ಬಿಡಿಸಿಕೊಳ್ಳುತ್ತದೆ. ನಕಲಿ ಮಾತು ಹೇಳಿ ಇಲ್ಲದ ದಾರಿಯನ್ನು ಇದೆಯೆಂದು ನಂಬಿಸಿದರೆ, ಸಂದೇಶಗಳೆಲ್ಲ ದಾಳಿಕೋರನ ಮೂಲಕ ಹಾಯುವಂತೆ ಮಾಡಬಹುದು. ಆಗ ಬಳಕೆಯಲ್ಲಿದ್ದ ಪ್ರಮುಖ ನಿಯಂತ್ರಕಗಳು ಈ ಮೋಸಕ್ಕೆ ಬಲಿಯಾದವು.

ವಿದ್ಯುತ್ ಎಂಜಿನಿಯರ್‌ಗಳ ವಿನ್ಯಾಸ ಇದಕ್ಕೂ ಒಂದು ನೇರ ಪರಿಹಾರ ಕೊಟ್ಟಿತು. ಎಲ್ಲ ದಾರಿಗಳನ್ನೂ ಮೊದಲೇ ತುಂಬಿದ ಮೇಲೆ ದಿನನಿತ್ಯದ ಓಡಾಟಕ್ಕೆ ನಿಯಂತ್ರಕ ಬೇಕಾಗುವುದೇ ಇಲ್ಲ. ಕೆಲಸ ಮುಗಿದ ಮೇಲೆ ಅದನ್ನು ಜಾಲದಿಂದ ಕಳಚಿಡಬಹುದು. ಸ್ವಿಚ್‌ಗಳು ಕೊಟ್ಟ ಪಟ್ಟಿಯಂತೆ ದುಡಿಯುತ್ತಲೇ ಇರುತ್ತವೆ. ಹೊಸ ರಿಲೇ ಸೇರಿಸುವಾಗ ಮಾತ್ರ ಮತ್ತೆ ಜೋಡಿಸುವುದು. ಜಾಲದಲ್ಲಿಲ್ಲದ ನಿಯಂತ್ರಕವನ್ನು ಜಾಲದ ಮೂಲಕ ವಶಪಡಿಸಿಕೊಳ್ಳಲಾಗದು.

ಆದರೂ ಒಂದು ಮಿತಿಯನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು. ಈ ಜಾಲ ದಾರಿಯನ್ನು ಕಾಯುತ್ತದೆ, ಮಾತಿನ ಸತ್ಯವನ್ನಲ್ಲ. 2015ರಲ್ಲಿ ಆದೇಶ ಹೊರಟದ್ದು ಅಧಿಕೃತ ಕಂಟ್ರೋಲ್ ರೂಮಿನ ಪರದೆಯಿಂದಲೇ. 2016ರ ಇಂಡಸ್ಟ್ರಾಯರ್‌ನ ಒಂದು ಭಾಗವೂ ಅಧಿಕೃತ ಕಂಪ್ಯೂಟರಿನಲ್ಲಿದ್ದ ಅಸಲಿ ಪ್ರೋಗ್ರಾಮನ್ನು ನಿಲ್ಲಿಸಿ ಅದರ ಜಾಗದಲ್ಲಿ ತಾನು ಕೂತು ಬ್ರೇಕರ್‌ಗಳಿಗೆ ಆದೇಶ ಕಳಿಸಿತು. ಅನುಮತಿ ಇರುವವನ ಬಾಯಿಂದಲೇ ಸುಳ್ಳು ಬಂದರೆ ಸ್ವಿಚ್ ಅದನ್ನು ಸಾಗಿಸುತ್ತದೆ. ಅಲ್ಲಿ ಕಂಟ್ರೋಲ್ ರೂಮಿನ ಕಂಪ್ಯೂಟರ್‌ಗಳ ಭದ್ರತೆ, ಸಿಬ್ಬಂದಿಯ ಎಚ್ಚರ, ಕೈಯಾರೆ ಬ್ರೇಕರ್ ಹಾಕುವ ಅಭ್ಯಾಸ ಇವೇ ಕಾಯಬೇಕು. 2022ರ ಏಪ್ರಿಲಿನಲ್ಲಿ ಇಂಡಸ್ಟ್ರಾಯರ್‌ನ ಎರಡನೇ ರೂಪ ಉಕ್ರೇನಿಗೆ ಬಂದಾಗ ಅಲ್ಲಿನ ಸರ್ಕಾರಿ ತುರ್ತು ತಂಡವೂ ಇಸೆಟ್ ಸಂಶೋಧಕರೂ ಸೇರಿ ತಡೆದದ್ದು, ಆರು ವರ್ಷಕ್ಕೂ ಹೆಚ್ಚು ಕಾಲ ಕಲಿತ ಇಂಥ ಎಚ್ಚರದ ಫಲ.

ನಮಗೂ ಇದು ದೂರದ ಸುದ್ದಿಯಲ್ಲ. 2021ರ ಫೆಬ್ರವರಿ 28ರಂದು ಅಮೆರಿಕದ ರೆಕಾರ್ಡೆಡ್ ಫ್ಯೂಚರ್ ಸಂಸ್ಥೆ, ಭಾರತದ ವಿದ್ಯುತ್ ವ್ಯವಸ್ಥೆಯನ್ನು ಗುರಿಮಾಡಿದ ಒಳನುಸುಳುವಿಕೆಯ ಬಗ್ಗೆ ವರದಿ ಪ್ರಕಟಿಸಿತು. ಬೆಂಗಳೂರಿನಲ್ಲಿ ಕೂತು ದಕ್ಷಿಣ ರಾಜ್ಯಗಳ ವಿದ್ಯುತ್ತನ್ನು ಸರಿದೂಗಿಸುವ ಪ್ರಾದೇಶಿಕ ಲೋಡ್ ಡಿಸ್ಪ್ಯಾಚ್ ಕೇಂದ್ರದ ಹೆಸರು ಅದರಲ್ಲಿತ್ತು. ವಿಜಯಪುರ ಜಿಲ್ಲೆಯ ಕೂಡಗಿಯ ಎನ್‌ಟಿಪಿಸಿ ಸ್ಥಾವರದ ಹೆಸರೂ ಇತ್ತು. ಕೇಂದ್ರ ಇಂಧನ ಸಚಿವಾಲಯ ಮುನ್ನೆಚ್ಚರಿಕೆ ಮೊದಲೇ ಬಂದಿತ್ತೆಂದೂ, ಕ್ರಮ ಕೈಗೊಂಡಿದ್ದರಿಂದ ಕಾರ್ಯಾಚರಣೆಗೆ ಧಕ್ಕೆಯಾಗಿಲ್ಲವೆಂದೂ ಹೇಳಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರ ಈ ವಲಯಕ್ಕೆಂದೇ ಸೈಬರ್ ಭದ್ರತೆಯ ಮಾರ್ಗಸೂಚಿ ಹೊರಡಿಸಿತು.

ಮಾರ್ಗಸೂಚಿ ಬೇಕು, ಹೊಸ ಸ್ವಿಚ್‌ಗಳೂ ಬೇಕು. ಆದರೆ ಸ್ಟ್ಯಾನ್‌ಫರ್ಡಿನಿಂದ ಪುಲ್‌ಮನ್‌ವರೆಗಿನ ಈ ಹಾದಿ ನನಗೆ ಮನವರಿಕೆ ಮಾಡಿದ್ದು ಇವೆರಡಕ್ಕೂ ಮೊದಲಿನ ಕೆಲಸವೊಂದನ್ನು. ಒಂದು ಸಬ್‌ಸ್ಟೇಷನ್ನಿನಲ್ಲಿ ಯಾರು ಯಾರೊಂದಿಗೆ, ಯಾಕೆ ಮಾತಾಡಬೇಕು ಎಂಬ ಪಟ್ಟಿಯನ್ನು ಯಾವ ವಿದೇಶಿ ಕಂಪನಿಯೂ ಪೆಟ್ಟಿಗೆಯಲ್ಲಿಟ್ಟು ಮಾರಲಾರದು. ಅದನ್ನು ಬರೆಯಬಲ್ಲವರು ಆ ಯಾರ್ಡಿನ ಪ್ರತಿ ಬ್ರೇಕರನ್ನೂ ಬಲ್ಲ ರಕ್ಷಣಾ ವಿಭಾಗದ ಎಂಜಿನಿಯರ್‌ಗಳು, ಟೆಸ್ಟಿಂಗ್ ಸಿಬ್ಬಂದಿ. ಶತ್ರುವಿನ ಹೊಸ ಹೊಸ ತಂತ್ರಗಳ ಪಟ್ಟಿ ಎಂದಿಗೂ ಮುಗಿಯುವುದಿಲ್ಲ. ನಮ್ಮ ಸಬ್‌ಸ್ಟೇಷನ್ನಿಗೆ ಬೇಕಾದ ಸಂದೇಶಗಳ ಪಟ್ಟಿ ಮುಗಿಯುತ್ತದೆ, ಅದನ್ನು ಎಣಿಸಿ ಬರೆಯಬಹುದು. ಆ ಪಟ್ಟಿ ಬರೆಯುವವರಿಗೆ ಜಾಲದ ತರಬೇತಿಯನ್ನೂ ಸಮಯವನ್ನೂ ಕೊಡುವ ಕೆಲಸವನ್ನು ನಮ್ಮ ವಿದ್ಯುತ್ ಕಂಪನಿಗಳು ಈಗಲೇ ಆರಂಭಿಸಬೇಕು.